ಎರವಲು ನಾಯಿಯ ಶೋಕ

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ ಅವಳು ಎರಡು ಚೂರು ಬ್ರೆಡ್ಡು ತಿಂದಳು. ನಾಯಿ ತಿನ್ನಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದ.

"ನೋಡಿದೆಯಾ," ಎಂದರು ಚಿಕ್ಕತ್ತೆ. ಅತ್ತೆಯ ತಂಗಿಯಾದ ಅವರು, ಸೊಸೆ ಒಬ್ಬಳೇ ಇರಬಾರದೆಂದು ಉಳಿದುಕೊಂಡಿದ್ದರು. ಸೊಸೆಗೆ ಬೇಕಾಗಿದ್ದದ್ದು ಒಬ್ಬಳೇ ಇರುವುದೊಂದೇ. "ಮೂಕಪ್ರಾಣಿ. ಅವನು ಹೋದಾಗಿಂದ ಒಂದು ತುತ್ತು ಮುಟ್ಟಿಲ್ಲ. ಅವನ ಚಪ್ಪಲಿ ಪಕ್ಕ ಬಿಟ್ಟು ಅಲ್ಲಾಡ್ತಿಲ್ಲ."

ಅವಳು ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದಳು.

"ನೀನು ತಿನ್ನಮ್ಮ. ನಾನೇನೂ ಅಂದಿಲ್ಲ."

ನಿಜ ಹೇಳಬೇಕೆಂದರೆ ನಾಯಿ ಅವರದ್ದೇ ಅಲ್ಲ. ಮಹಡಿ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟರದ್ದು. ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದಾಗ ಅವಳ ಗಂಡನಿಗೆ ಒಬ್ಬನೇ ನಡೆಯಲು ನಾಚಿಕೆಯಾಗಿತ್ತು. "ಸುಮ್ಮನೆ ನಡೆದ್ರೆ ಎಲ್ಲರೂ ಎಲ್ಲಿಗೆ ಅಂತ ಕೇಳ್ತಾರೆ ಕಣೇ. ನಾಯಿ ಜೊತೆಗಿದ್ರೆ ಯಾರೂ ಕೇಳಲ್ಲ" ಎಂದು ಕೆಲವು ದಿನದ ಮಟ್ಟಿಗೆ ಎರವಲು ತಂದಿದ್ದ. ಮೇಷ್ಟರು ವಾಪಸು ಕೇಳಲಿಲ್ಲ. ನಾಯಿ ದೊಡ್ಡದು, ಊಟವೂ ದೊಡ್ಡದು.

ಈಗ ಅದು ಮಹಡಿ ಮೆಟ್ಟಿಲಿನ ಬುಡದಲ್ಲಿ, ಚಪ್ಪಲಿ ಗೂಡಿನ ಪಕ್ಕ, ಮುಂಗಾಲಿನ ಮೇಲೆ ಮೂತಿಯಿಟ್ಟು ಮಲಗಿತ್ತು. ಸಮಾಧಾನ ಹೇಳಲು ಬಂದವರು ಮೊದಲು ಅದರ ಹತ್ತಿರ ಕೂತು ತಲೆ ಸವರಿ, ಆಮೇಲೆ ಒಳಗೆ ಬಂದು ಇವಳ ಒಣ ಕಣ್ಣು ನೋಡುತ್ತಿದ್ದರು. ಮೊದಲ ರ‍್ಯಾಂಕು ಬಂದವನನ್ನು ಮಾತಾಡಿಸಿಕೊಂಡು ಬಂದು ಫೇಲಾದವಳ ಮುಖ ನೋಡಿದ ಹಾಗೆ.

ಅಳು ಯಾಕೆ ಬರುತ್ತಿಲ್ಲವೆಂದು ಅವಳಿಗೂ ಗೊತ್ತಿರಲಿಲ್ಲ. ಎಲ್ಲರೂ ಹೇಳುತ್ತಿರುವುದು ನಿಜವಾದರೆ, ಈ ಮನೆಯಲ್ಲಿ ಅವನಿಗಾಗಿ ಊಟ ಬಿಟ್ಟ ಜೀವವೊಂದಿದೆ. ತಾನು ಮಾಡಲಾಗದ್ದನ್ನು ಅದು ಮಾಡುತ್ತಿದೆ. ಅದನ್ನಾದರೂ ಉಳಿಸಿಕೊಳ್ಳಬೇಕು.

ಆದರೆ ನೀರಿನ ಬಟ್ಟಲು ಇಡಲು ಬಗ್ಗಿದಾಗ ಅವಳಿಗೊಂದು ವಿಷಯ ಕಾಣಿಸಿತು.

"ಚಿಕ್ಕತ್ತೆ, ಊಟ ಬಿಟ್ಟ ನಾಯಿಗೆ ಹೊಟ್ಟೆ ಯಾಕೆ ಹೀಗೆ ಉಬ್ಬಿದೆ?"

"ದುಃಖಾನೆಲ್ಲ ಹೊಟ್ಟೇಲೇ ಇಟ್ಕೊಂಡ್ರೆ ಉಬ್ಬದೆ ಇನ್ನೇನು?" ಎಂದರು ಚಿಕ್ಕತ್ತೆ. ಆಮೇಲೆ ಅವಳ ಸಪಾಟು ಹೊಟ್ಟೆಯನ್ನೊಮ್ಮೆ ನೋಡಿದರು.

ಅವಳು ಮಹಡಿ ಹತ್ತಿದಳು. ಮೇಷ್ಟರು ಬಾಗಿಲನ್ನು ಒಂದು ಗೇಣು ತೆರೆದರು.

"ಮೇಷ್ಟ್ರೇ, ನಿಮ್ಮ ನಾಯಿಗೆ ಹುಷಾರಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ನಮ್ಮದು ಅಂತ ಯಾಕಮ್ಮ ಅಂತೀರಿ? ಅದು ಯಾವತ್ತೋ ಮನಸ್ಸಿನಿಂದ ನಿಮ್ಮದಾಗಿದೆ. ನಾನು ಅದನ್ನ ಕೇಳಿದ್ರೆ ಕಟುಕ ಆಗ್ತೀನಿ," ಎಂದು ಬಾಗಿಲು ಮುಚ್ಚಿಕೊಂಡರು.

ಕೆಳಗೆ ಬರುವಷ್ಟರಲ್ಲಿ ಮೂಲೆಯ ಮೆಡಿಕಲ್ ಶಾಪಿನವರು ಬಂದು ನಾಯಿಯ ಹೊಟ್ಟೆ ಒತ್ತಿ ನೋಡುತ್ತಿದ್ದರು. ಅವಳ ಗಂಡನ ಎದೆನೋವಿಗೆ ಗ್ಯಾಸಿನ ಮಾತ್ರೆ ಕೊಟ್ಟು, ಬಿಸಿನೀರು ಕುಡಿದು ಮಲಗಿ ಎಂದವರೂ ಅವರೇ.

"ನೀರಮ್ಮ ಇದು. ನಮ್ಮ ಬೆಕ್ಕಿಗೂ ಹೀಗೇ ನೀರು ತುಂಬಿ ಏದುಸಿರು ಬಂದಿತ್ತು. ನೀರು ಇಳಿಸೋ ಮಾತ್ರೆ ಹಾಕಿದ್ವಿ. ಸಾಯಂಕಾಲಕ್ಕೆ ಕಾಂಪೌಂಡು ಹತ್ತಿತು."

"ಡಾಕ್ಟರ ಹತ್ರಾನೇ ತೋರಿಸ್ತೀನಿ," ಎಂದು ಅವಳು ಸೀರೆ ಬದಲಿಸಲು ಒಳಗೆ ಹೋದಳು. ಹೊರಗೆ ಬಂದಾಗ ಚಿಕ್ಕತ್ತೆ ನಾಯಿಯ ಗಂಟಲಿನಿಂದ ಬೆರಳು ತೆಗೆಯುತ್ತಿದ್ದರು.

"ಕೊಟ್ಟೆ. ಅಂಗಡಿಯವರು ಅರ್ಧ ಮಾತ್ರೆ ಅಂದ್ರು, ಅರ್ಧ ಯಾಕೆ ಅಂತ ಒಂದೂವರೆ ಕೊಟ್ಟೆ."

ಮಾತ್ರೆ ತನ್ನ ಕೆಲಸ ಮಾಡಿತು. ನಾಯಿ ಮಲಗಿದಲ್ಲೇ ಒಡೆದ ನಲ್ಲಿಯ ಹಾಗೆ ಹರಿಸಿತು. ಆಮೇಲೆ ಏಳಲು ಹೋಗಿ, ಕಾಲು ಸೋತು, ಒದ್ದೆ ಜಮಖಾನ ಬಿದ್ದ ಹಾಗೆ ದೊಪ್ಪನೆ ಬಿತ್ತು. ವಸಡು ಗೋಡೆಯಷ್ಟು ಬಿಳುಪಾಗಿತ್ತು.

ಬೀದಿಯವರು ಸೇರಿದರು. "ಅವನ ಹಿಂದೇನೇ ಹೊರಟಿತು," ಎಂದು ಚಿಕ್ಕತ್ತೆ ಕಣ್ಣೊರೆಸಿಕೊಂಡರು. "ಬಿಡಮ್ಮ, ತಡೀಬೇಡ. ಇಂಥ ನಿಷ್ಠೆ ಮನುಷ್ಯರಲ್ಲಿ ಎಲ್ಲಿದೆ?" ಕೊನೆಯ ಮಾತಿಗೆ ಎಲ್ಲರೂ ಅವಳ ಕಡೆ ತಿರುಗಿದರು.

ಅವಳು ನಾಯಿಯನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ ಆಟೋದೊಳಗೆ ಹಾಕಿದಳು. ನಿಷ್ಠೆಯ ಕೊನೆ ನೋಡದೆ ಬಿಡುವುದುಂಟೇ ಎಂದು ಚಿಕ್ಕತ್ತೆಯೂ ಹತ್ತಿದರು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರು ಮಿತವಾಗಿ ಮಾತಾಡುವ ಹೆಂಗಸು. ಸ್ಟೆತಾಸ್ಕೋಪನ್ನು ಎದೆಯ ಎಡಕ್ಕಿಟ್ಟರು, ಬಲಕ್ಕಿಟ್ಟರು. ತೊಡೆಯ ಸಂದಿಯಲ್ಲಿ ಬೆರಳಿಟ್ಟು ನಾಡಿ ಹಿಡಿದು ಕಣ್ಣು ಮುಚ್ಚಿಕೊಂಡರು. ಕತ್ತಿನಲ್ಲಿ ಬೆರಳುಗಾತ್ರ ಉಬ್ಬಿದ್ದ ರಕ್ತನಾಳವನ್ನು ತೋರಿಸಿದರು.

"ಬಡಿತ ಎಲ್ಲೋ ಪಕ್ಕದ ಮನೇಲಿ ಬಡೀತಿರೋ ಹಾಗೆ ಕ್ಷೀಣವಾಗಿ ಕೇಳಿಸ್ತಿದೆ. ಉಸಿರು ಒಳಗೆ ತಗೊಂಡಾಗ ನಾಡೀನೇ ಸಿಗ್ತಿಲ್ಲ. ಏನಾದ್ರೂ ಕೊಟ್ರಾ?"

"ದುಃಖಕ್ಕೆ ನೀರಿಳಿಸೋ ಮಾತ್ರೆ," ಎಂದರು ಚಿಕ್ಕತ್ತೆ.

ಡಾಕ್ಟರು ಅವರನ್ನು ಒಂದು ಕ್ಷಣ ನೋಡಿ, ಸ್ಕ್ಯಾನಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಹೃದಯದ ಸುತ್ತ ದಪ್ಪನೆಯ ಕಪ್ಪು ಬಳೆ. ಅದರ ನಡುವೆ ಹೃದಯ, ತುಂಬಿದ ಬಸ್ಸಿನಲ್ಲಿ ಸಿಕ್ಕಿಕೊಂಡ ಮಗುವಿನ ಹಾಗೆ ಅತ್ತಿತ್ತ ತೂಗಾಡುತ್ತಿತ್ತು.

"ಹೃದಯಕ್ಕೆ ಒಂದು ತೆಳು ಚೀಲ ಇರುತ್ತೆ. ಆ ಚೀಲದೊಳಗೆ ನೀರು ತುಂಬಿದೆ. ಹೃದಯಕ್ಕೆ ಹಿಗ್ಗಿ ರಕ್ತ ತಗೊಳ್ಳೋಕೆ ಜಾಗ ಇಲ್ಲ. ಹಿಂದೆ ನಿಂತ ರಕ್ತದ ಒತ್ತಡಕ್ಕೆ ಹೊಟ್ಟೇಲೂ ನೀರು ಸೇರಿ ಉಬ್ಬಿದೆ. ಒಳಗೆ ಬರೋ ಸ್ವಲ್ಪ ರಕ್ತಾನೂ ಆ ಮಾತ್ರೆ ಕಮ್ಮಿ ಮಾಡಿತು, ಅದಕ್ಕೇ ಬಿತ್ತು."

"ಮೆಡಿಕಲ್ ಶಾಪಿನವರ ಬೆಕ್ಕಿಗೆ ವಾಸಿಯಾಯ್ತಲ್ಲ?" ಎಂದರು ಚಿಕ್ಕತ್ತೆ.

"ಬೆಕ್ಕಿನಲ್ಲಿ ಸಾಮಾನ್ಯವಾಗಿ ಹೃದಯಾನೇ ಸೋತು ನೀರು ಸೇರುತ್ತೆ. ಅಲ್ಲಿ ಆ ಮಾತ್ರೆ ಸರಿ. ಇಲ್ಲಿ ಸೂಜಿ ಹಾಕಿ ತೆಗೀಲೇಬೇಕು. ಈಗಲೇ."

ಬಲಗಡೆ ಪಕ್ಕೆಯ ಕೂದಲು ಬೋಳಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎರಡು ಎಲುಬಿನ ನಡುವೆ ಉದ್ದನೆಯ ಸೂಜಿ ಇಳಿಸಿ, ಸಣ್ಣ ಕೊಳವೆ ಜಾರಿಸಿದರು. ಹಳೆಯ ರಕ್ತದ ಬಣ್ಣದ ನೀರು ಸಿರಿಂಜಿಗೆ ಬಂತು. ಚಿಕ್ಕತ್ತೆ ಗೋಡೆ ಹಿಡಿದುಕೊಂಡರು. ಡಾಕ್ಟರು ಸ್ವಲ್ಪವನ್ನು ಗಾಜಿನ ಕೊಳವೆಗೆ ಬಿಟ್ಟು ಬೆಳಕಿಗೆ ಹಿಡಿದರು.

"ಹೆಪ್ಪುಗಟ್ತಿಲ್ಲ. ಒಳ್ಳೇದು. ಹೆಪ್ಪುಗಟ್ಟಿದ್ರೆ ಸೂಜಿ ಹೃದಯಕ್ಕೇ ಚುಚ್ಚಿತು, ಇಲ್ಲ ಒಳಗೆ ಈಗಲೂ ರಕ್ತ ಸೋರ್ತಿದೆ ಅಂತ ಭಯ ಪಡಬೇಕಿತ್ತು."

ಅವನ ಎದೆಯ ಮೇಲೆ ಯಾರೂ ಇಷ್ಟು ಹೊತ್ತು ಕೈಯಿಟ್ಟಿರಲಿಲ್ಲ. ಆ ಯೋಚನೆಯನ್ನು ಅವಳು ಬಂದ ದಾರಿಯಲ್ಲೇ ವಾಪಸು ಕಳಿಸಿದಳು.

ಸಿರಿಂಜಿನ ಮೇಲೆ ಸಿರಿಂಜು ತುಂಬಿದ ಮೇಲೆ ಪರದೆಯ ಕಪ್ಪು ಬಳೆ ಗೆರೆಯಾಯಿತು. ವಸಡಿಗೆ ಬಣ್ಣ ಬಂತು. ನಾಯಿ ತಲೆಯೆತ್ತಿತು, ಮೂಸಿತು, ಚಿಕ್ಕತ್ತೆಯ ಚೀಲದೊಳಗೆ ಮೂತಿ ತೂರಿಸಿ ಅವರ ಬಿಸ್ಕತ್ತಿನ ಪೊಟ್ಟಣವನ್ನು ಕಾಗದ ಸಮೇತ ತಿಂದಿತು.

"ಇಷ್ಟು ಬೇಗ ಮರೀತಾ?" ಎಂದರು ಚಿಕ್ಕತ್ತೆ. ಅವರ ದನಿಯಲ್ಲಿ ನಿಜವಾದ ನೋವಿತ್ತು.

"ಮರೆಯೋಕೇನಿಲ್ಲಮ್ಮ, ಕಾಯಿಲೆ ಅದು. ಗೆಡ್ಡೆ ಏನೂ ಕಾಣ್ತಿಲ್ಲ, ಆದ್ರೂ ಇನ್ನೊಮ್ಮೆ ಸ್ಕ್ಯಾನ್ ಮಾಡ್ಬೇಕು. ನೀರು ಮತ್ತೆ ಮತ್ತೆ ತುಂಬಿದ್ರೆ ಚೀಲಾನೇ ಕತ್ತರಿಸಿ ತೆಗೀಬೇಕಾಗುತ್ತೆ. ಸಂಜೆವರೆಗೆ ಇಲ್ಲೇ ಇರ್ಲಿ."

ಸಂಜೆ ಆಟೋ ನಿಂತಾಗ ಬೀದಿಯವರು ಆಗಲೇ ಬಂದು ನಿಂತಿದ್ದರು. ಗುಣವಾದ ನಾಯಿ ಚಪ್ಪಲಿಗೂಡಿನ ಮುಂದೆ ಏನು ಮಾಡುತ್ತದೆಂದು ನೋಡಲು ಮೆಡಿಕಲ್ ಶಾಪಿನವರು ಅಂಗಡಿಯನ್ನೇ ಬಿಟ್ಟು ಬಂದಿದ್ದರು. ಅವಳೂ ಚಪ್ಪಲಿಗೂಡಿನ ಕಡೆಗೇ ನೋಡಿದಳು.

ನಾಯಿ ಕೆಳಗೆ ಹಾರಿತು. ಚಪ್ಪಲಿಗಳನ್ನು ತುಳಿಯಿತು. ಬೆಲ್ಟಿನಿಂದ ಹಗ್ಗದ ಕೊಂಡಿ ಕಳಚಿಕೊಂಡು, ಒಮ್ಮೆಯೂ ತಿರುಗಿ ನೋಡದೆ, ಎರಡೆರಡು ಮೆಟ್ಟಿಲು ಹಾರುತ್ತ ಮಹಡಿ ಹತ್ತಿ ಮೇಷ್ಟರ ಬಾಗಿಲನ್ನು ಕೆರೆಯತೊಡಗಿತು.

ಅವಳಿಗೆ ಈಗ ಅರ್ಥವಾಯಿತು. ಅದು ಇಷ್ಟು ದಿನ ಮಲಗಿದ್ದು ಅವನ ಚಪ್ಪಲಿಯ ಪಕ್ಕದಲ್ಲಲ್ಲ, ಮೆಟ್ಟಿಲ ಬುಡದಲ್ಲಿ. ಮನೆಗೆ ಹೋಗಬೇಕಾಗಿತ್ತು, ಹತ್ತಲು ಎದೆಯಲ್ಲಿ ಶಕ್ತಿಯಿರಲಿಲ್ಲ. ಅವನಿಗಾಗಿ ಊಟ ಬಿಟ್ಟವರು ಈ ಮನೆಯಲ್ಲಿ ಯಾರೂ ಇರಲಿಲ್ಲ.

ಅವಳು ಮೊದಲ ಮೆಟ್ಟಿಲ ಮೇಲೆ ಕೂತಳು. ಕೂತ ಮೇಲೆ ಬಂತು ಅಳು. ಸದ್ದು ಮಾಡಿಕೊಂಡು, ಮೂಗು ಸೋರಿಸಿಕೊಂಡು, ನಿಲ್ಲಿಸಲಾಗದ ಹಾಗೆ ಬಂತು.

"ನೋಡಿದ್ರಾ," ಎಂದರು ಚಿಕ್ಕತ್ತೆ ಎಲ್ಲರಿಗೂ ಕೇಳಿಸುವಂತೆ. "ಗಂಡ ಹೋದಾಗ ಒಂದು ಹನಿ ಇಲ್ಲ. ಕಂಡವರ ನಾಯಿ ಮಹಡಿ ಹತ್ತಿದ್ದಕ್ಕೆ ಗೋಳೋ ಅಂತಾಳೆ."

"ವಾಸಿ ಮಾಡಿಸಿಬಿಟ್ಲು ನೋಡಿ," ಎಂದರು ಮೆಡಿಕಲ್ ಶಾಪಿನವರು. "ಅವರನ್ನ ನೆನೆಸ್ಕೊಳ್ಳೋದು ಅಂತ ಇದ್ದಿದ್ದೇ ಅದೊಂದು."

ಜನ ಕರಗಿದರು. ಅವಳು ಮುಖ ಒರೆಸಿಕೊಂಡು ಹಗ್ಗವನ್ನು ಸುತ್ತಿ ಮೇಲೆ ಹೋದಳು. ಮೇಷ್ಟರು ಈ ಸಲ ಬಾಗಿಲು ಪೂರ್ತಿ ತೆರೆದಿದ್ದರು. ನಾಯಿ ಅವರ ಕಾಲಿನ ಸುತ್ತ ತಿರುಗುತ್ತಿತ್ತು. ಅವರು ಬೋಳಿಸಿದ ಜಾಗವನ್ನು ನೋಡುತ್ತಿದ್ದರು.

"ಕೊಡುವಾಗ ಮೈತುಂಬ ಕೂದಲಿತ್ತಲ್ಲಮ್ಮ."

"ಬೆಳೆಯುತ್ತೆ ಮೇಷ್ಟ್ರೇ. ಊಟ ಬಿಟ್ರೆ, ಹೊಟ್ಟೆ ಉಬ್ಬಿದ್ರೆ ತಕ್ಷಣ ಡಾಕ್ಟರಿಗೆ ತೋರಿಸಿ. ಎದೆಯೊಳಗೆ ಮತ್ತೆ ನೀರು ತುಂಬಬಹುದಂತೆ."

"ನಮ್ಮ ಮನೇಲಿದ್ದಾಗ ಅಂಥದ್ದೇನೂ ಇರ್ಲಿಲ್ಲಪ್ಪ."

"ನಮ್ಮವರು ಕೇಳಿ ತಂದಿದ್ರು," ಎಂದು ಅವಳು ಹಗ್ಗವನ್ನು ಮುಂದೆ ಹಿಡಿದಳು. "ತಗೊಳ್ಳಿ."

ಮೇಷ್ಟರು ತೆಗೆದುಕೊಂಡು, ಸರಿಯಿದೆಯೋ ಇಲ್ಲವೋ ಎಂದು ಕೊಂಡಿಯನ್ನು ಎರಡು ಸಲ ಎಳೆದು ನೋಡಿದರು.