ಮೇಷ್ಟ್ರಿಗೆ ಮೂಡಿದ ಕೋಡು

ಸೋಮವಾರ ಸೆಖೋಬೆ ಮೇಷ್ಟ್ರು ಹೇಳಿದ ಕತೆಯಲ್ಲಿ ರಾಕ್ಷಸ ಮಕ್ಕಳನ್ನು ಚೀಲಕ್ಕೆ ತುಂಬಿಕೊಂಡು ಹೋದ. ಅಜ್ಜಿ ಮುತ್ತಜ್ಜಿಯರ ಕಾಲದಿಂದಲೂ ಅವನು ಹಾಗೇ ಹೋಗುತ್ತಿದ್ದವನು, ಮೇಷ್ಟ್ರದೇನೂ ತಪ್ಪಿಲ್ಲ. ಆದರೆ ಮರುದಿನದಿಂದ ಮಾಫೆಟೆಂಗ್ ಊರಿನ ಆ ಶಿಶುವಿಹಾರದಲ್ಲಿ ಒಂದು ಮಗುವೂ ಒಂಟಿಯಾಗಿ ಕಕ್ಕಸಿಗೆ ಹೋಗಲೊಲ್ಲದು. ಲಿಪುವೊ ಎಂಬ ಹುಡುಗಿಯಂತೂ, ದನಿ ಕತೆಯ ರಾಕ್ಷಸನ ಹಾಗೆ ಗೊಗ್ಗರು ಎಂಬ ಒಂದೇ ಕಾರಣಕ್ಕೆ ಸ್ವಂತ ತಾತನಿಗೇ ಬಾಗಿಲು ತೆಗೆಯಲಿಲ್ಲ. ಮುದುಕ ಕಂಬಳಿ ಹೊದ್ದು ಚಳಿಯಲ್ಲಿ ನಿಂತೇ ಇದ್ದನಂತೆ.

ಶುಕ್ರವಾರ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಲಿನೇಯೊ ಮೇಷ್ಟ್ರನ್ನು ಗೇಟಿನಲ್ಲೇ ಹಿಡಿದರು.

"ಸೋಮವಾರದ ಕತೆ ಸಮಿತಿ ಅಧ್ಯಕ್ಷೆ ಕಿವಿಗೂ ಬಿದ್ದಿದೆ, ಇವತ್ತು ಬರ್ತಾರೆ. ನಿಮ್ಮ ಕೆಲಸ ಕಾಯಂ ಆಗುತ್ತೋ ಇಲ್ವೋ ಇವತ್ತೇ ತೀರ್ಮಾನ. ಮಕ್ಕಳ ಭಯ ಹೋಗ್ಬೇಕು, ಅದೇ ಕತೆ ಹೇಳಿ, ಆದ್ರೆ ಮೆತ್ತಗೆ ಹೇಳಿ. ಒಂದೇ ಒಂದು ಮಗು ಅತ್ರೂ ನಾನೇನೂ ಮಾಡಕ್ಕಾಗಲ್ಲ."

"ರಾಕ್ಷಸನ್ನ ಮೆತ್ತಗೆ ಹೇಗಮ್ಮಾ ಹೇಳೋದು?"

"ಚೀಲ ಬೇಡ, ನುಂಗೋದು ಬೇಡ. ಮಿಕ್ಕಿದ್ದು ಹೇಳಿ."

ಮಿಕ್ಕಿದ್ದೇನು ಎಂದು ಮೇಷ್ಟ್ರಿಗೆ ಹೊಳೆಯಲಿಲ್ಲ. ಕೆಲಸ ಹೋದರೆ ಮತ್ತೆ ಬೆಟ್ಟದ ಮೇಲೆ ಅಣ್ಣನ ಕುರಿ ಕಾಯಬೇಕು. ಕುರಿಗಳ ಭಯ ಅವರಿಗಿರಲಿಲ್ಲ, ಅತ್ತಿಗೆಯದಿತ್ತು.

ಅಡುಗೆಮನೆಯ ಮುಂದೆ ಅಡುಗೆಯ ಮತುಮೆಲೊ ಅಡ್ಡಗಟ್ಟಿದಳು. "ಹಗಲಲ್ಲಿ ಕತೆ ಹೇಳಿದ್ರೆ ತಲೇಲಿ ಕೋಡು ಮೂಡುತ್ತೆ ಅಂತ ನಿಮ್ಮವ್ವ ಹೇಳ್ಕೊಟ್ಟಿಲ್ವಾ? ಕೂದಲಿಗೆ ಕಡ್ಡಿ ಸಿಕ್ಕಿಸ್ಕೊಂಡ್ರೆ ದೋಷ ಇಲ್ಲ. ಬಗ್ಗಿ." ಪೀಚ್ ಗಿಡದ ಕಡ್ಡಿ ಮುರಿದು ಬಲಗಡೆ ಸಿಕ್ಕಿಸಿದಳು. "ಆಮೇಲೆ, ನಿಮ್ಮ ರಾಕ್ಷಸ ಉಣ್ಣೋ ಮುಂಚೆ ಕೈ ತೊಳೀಲಿ. ಈ ಮಕ್ಕಳಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ."

ಕಾವಲುಗಾರ ಖೆತ್ಸಿ ಅಜ್ಜ ಸುಮ್ಮನಿರುತ್ತಾನೆಯೇ? "ಒಂದೇ ಕಡೆಗಾ? ಒಂಟಿ ಕೋಡಿನ ಹೋರಿ ಎಲ್ಲಾದ್ರೂ ಉಂಟೇನಪ್ಪಾ?" ಎಂದು ಎಡಗಡೆಗೂ ಒಂದು ನೆಟ್ಟ. ಮೇಷ್ಟ್ರ ಗುಂಗುರು ಕೂದಲಲ್ಲಿ ಎರಡೂ ನೆಟ್ಟಗೆ ನಿಂತವು. ಕತೆಯ ಚಿಂತೆಯಲ್ಲಿ ಮೇಷ್ಟ್ರು ಅವನ್ನು ಮರೆತೇಬಿಟ್ಟರು.

"ಒಂದೂರಲ್ಲಿ..." ಎಂದು ಶುರುಮಾಡಿದರು.

"ಕ್ಕೋಯ್!" ಎಂದು ಮಕ್ಕಳು ವಾಡಿಕೆಯಂತೆ ಓಗೊಟ್ಟವು.

"ಒಬ್ಬ ರಾಕ್ಷಸ ಇದ್ದ."

ಅರ್ಧ ತರಗತಿ ಬಾಗಿಲ ಕಡೆ ಸರಿಯಿತು.

"ಅಯ್ಯೋ, ಕೂತ್ಕೊಳ್ರೋ! ಇವನು ತುಂಬಾ ಒಳ್ಳೆಯವನು. ಹಸಿವು ಸ್ವಲ್ಪ ಜಾಸ್ತಿ, ಅಷ್ಟೇ. ತಲೆ ಮೇಲೆ ಎರಡು ಪುಟ್ಟ ಕೋಡು."

ಲಿಪುವೊ ಮೇಷ್ಟ್ರ ತಲೆಯನ್ನೇ ದಿಟ್ಟಿಸಿ ನೋಡಿದಳು. "ಅವನೂ ಹಗಲಲ್ಲಿ ಕತೆ ಹೇಳಿದ್ನಾ ಮೇಷ್ಟ್ರೇ?"

"ಹೇಳಿರ್ಬೇಕು."

"ಅದಕ್ಕೇ ಕೋಡು ಬಂತಾ?"

"ಹೂಂ ಮಗಾ, ಅದಕ್ಕೇ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಅಲ್ಲಿ ವಿಷಯ ತಿಳಿಯದೆ ಉಳಿದವರು ಮೇಷ್ಟ್ರೊಬ್ಬರೇ. ಅವರ ಪಾಡಿಗೆ ಅವರು ರಾಕ್ಷಸನ ಕೈ ತೊಳೆಸಿ, ಸೊಪ್ಪು ಮುದ್ದೆ ಉಣಿಸಿ, ಕಂಬಳಿ ಹೊದಿಸಿ ಮಲಗಿಸಿದರು.

ಊಟದ ಹೊತ್ತಿಗೆ ಮಕ್ಕಳು ಸಾಲಾಗಿ ಬಂದು ಮೇಷ್ಟ್ರ ಕೈ ತೊಳೆಸಿದವು. ತಮ್ಮ ತಟ್ಟೆಯ ಮುದ್ದೆ ಮುರಿದು ಅವರ ಬಾಯಿಗಿಟ್ಟವು. ಲಿಪುವೊ ಕಂಬಳಿ ತಂದು ಹೊದಿಸಿ, ಆಮೇಲೆ ಒಬ್ಬಳೇ ಕಕ್ಕಸಿಗೆ ಹೋಗಿಬಂದಳು. ಮೇಷ್ಟ್ರ ಕಣ್ಣು ಒದ್ದೆಯಾಯಿತು.

ಇದನ್ನೆಲ್ಲ ಅಧ್ಯಕ್ಷೆ ಬಾಗಿಲಲ್ಲೇ ನಿಂತು ನೋಡಿದರು. "ಇಂಥ ಶಿಶುವಿಹಾರ ನಾನು ಎಲ್ಲೂ ನೋಡಿಲ್ಲಮ್ಮಾ ಲಿನೇಯೊ. ಇವರ ಕೆಲಸ ಕಾಯಂ ಅಂತಲೇ ಇಟ್ಕೊಳ್ಳಿ."

ಲಿನೇಯೊ ಹಿಗ್ಗಿಹೋದರು. ಆಗ ಅವರ ಕಣ್ಣಿಗೆ ಮೇಷ್ಟ್ರ ತಲೆ ಬಿತ್ತು. "ಇದೇನ್ರೀ ತಲೇಲಿ ಕಸ! ದೊಡ್ಡವರು ಬಂದಾಗ!" ಎಂದು ಎರಡೂ ಕಡ್ಡಿಯನ್ನು ಹಿಡಿದು ಕಿತ್ತರು.

ಮರುಕ್ಷಣ ಇಡೀ ತರಗತಿ ಸೂರು ಹಾರಿಹೋಗುವಂತೆ ಅಳತೊಡಗಿತು.

"ರಾಕ್ಷಸನ ಕೋಡು! ಕೋಡು ಕಿತ್ತುಬಿಟ್ರೂ!"

"ರಾಕ್ಷಸನಾ?" ಅಧ್ಯಕ್ಷೆಯ ಹುಬ್ಬು ಮೇಲೇರಿತು. "ಅಂದ್ರೆ ಮತ್ತೆ ಅದೇ ಕತೆ ಹೇಳಿದಾರೆ ಅನ್ನಿ?"

"ಹೇಳಿದಾರೆ, ಆದ್ರೆ..." ಎನ್ನುತ್ತ ಲಿನೇಯೊ ಕೈಯಲ್ಲಿದ್ದ ಕಡ್ಡಿಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

"ಇನ್ನೂ ಮೂರು ತಿಂಗಳು ನೋಡೋಣ" ಎಂದು ಅಧ್ಯಕ್ಷೆ ಹೊರಟೇಹೋದರು.

ಮೇಷ್ಟ್ರು ಪುಟ್ಟ ಬೆಂಚಿನ ಮೇಲೆ ತಲೆ ಹಿಡಿದು ಕೂತರು. ಲಿಪುವೊ ಮೂಗು ಒರೆಸಿಕೊಳ್ಳುತ್ತ ಹತ್ತಿರ ಬಂದು ಅವರ ಕೂದಲು ಸವರಿದಳು.

"ನೋವಾಯ್ತಾ ಮೇಷ್ಟ್ರೇ? ಅಳಬೇಡಿ. ಇನ್ನೊಂದು ಕತೆ ಹೇಳಿ, ಮತ್ತೆ ಬೆಳೆಯುತ್ತೆ."