ಹನ್ನೊಂದಾದ ಮೇಲೆ

ರತ್ನಾಕರನ ನೆಮ್ಮದಿ ಹಾಳಾಗಿದ್ದು ಒಂದು ಸಂಖ್ಯೆಯಿಂದ. ಅದು ಹನ್ನೆರಡು.

ಹನ್ನೊಂದರವರೆಗೆ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಐವತ್ತು ಕಿಲೋದ ರಾಡನ್ನು ನೆಲದಿಂದ ಸೊಂಟದವರೆಗೆ ಹನ್ನೊಂದು ಸಲ ಎತ್ತಿ ಇಳಿಸುತ್ತಿದ್ದ. ಹನ್ನೆರಡನೆಯ ಸಲ ರಾಡು ಮೊಣಕಾಲು ದಾಟುವ ಹೊತ್ತಿಗೆ ಕುತ್ತಿಗೆ ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ರಾಡು ಜಾರಿ ಧಡಾರನೆ ಬೀಳುತ್ತಿತ್ತು. ಬಂಗಾಳದ ಕಸ್ಬಾ ಬಡಾವಣೆಯ ಆ ಅಪಾರ್ಟ್‌ಮೆಂಟಿನ ನೆಲಮಹಡಿಯ ಜಿಮ್ಮಿನಲ್ಲಿ ಎರಡು ತಿಂಗಳಿಂದ ಇದು ಎಷ್ಟು ಕ್ರಮವಾಗಿ ನಡೆದಿತ್ತೆಂದರೆ, ಮೇಲಿನ ಮನೆಯವರು ಆ ಸದ್ದು ಕೇಳಿ ಹಾಲು ಒಲೆಗಿಡುತ್ತಿದ್ದರು.

ಕಾರಣ, ತರಬೇತುದಾರ ಮನೀಷ್‌ದಾ ಬಂಗಾಳಿಯಲ್ಲಿ ಎಣಿಸುತ್ತಿದ್ದ. "ನಯ್... ದಶ್... ಎಗಾರೋ..." ಅಲ್ಲಿಯವರೆಗೆ ಸರಿ. ಆಮೇಲೆ ಹೊಟ್ಟೆಯ ಆಳದಿಂದ, ಬೆನ್ನ ಹಿಂದಿನಿಂದ, "ಬಾರೋ!"

ಬಂಗಾಳಿಗಳಿಗೆ ಅದು ಹನ್ನೆರಡು. ಕುಮಟಾದಲ್ಲಿ ಬೆಳೆದ ರತ್ನಾಕರನಿಗೆ ಅದು ಅಪ್ಪನ ಅಣ್ಣ, ದೊಡ್ಡಯ್ಯ. ದೊಡ್ಡಯ್ಯ ಹಾಗೆ ಕರೆದರೆ ಎರಡೇ ಸಾಧ್ಯತೆಗಳಿದ್ದವು: ಹತ್ತೊಂಬತ್ತರ ಮಗ್ಗಿ ಅಥವಾ ಹರಳೆಣ್ಣೆ. ಮೂರು ಸೆಕೆಂಡಿನೊಳಗೆ ಎದುರು ನಿಲ್ಲದಿದ್ದರೆ ಎರಡೂ. ಈಗ ನಲವತ್ತಾರು ವಯಸ್ಸು, ಬಿ.ಎಸ್ಸಿ. ಪದವಿ, ಬ್ಯಾಂಕಿನಲ್ಲಿ ಮ್ಯಾನೇಜರ್ ಹುದ್ದೆ ಎಲ್ಲ ಇದ್ದರೂ ಈ ಯಾವ ಸಂಗತಿಯೂ ಕುತ್ತಿಗೆಯ ನರಗಳಿಗೆ ತಲುಪಿರಲಿಲ್ಲ.

ಇಷ್ಟಾಗಿಯೂ ಅವನು ಎತ್ತಲೇಬೇಕಿತ್ತು. ಕಳೆದ ವರ್ಷ ದಶಮಿಯಂದು ದುರ್ಗೆಯ ಮೂರ್ತಿಯನ್ನು ಲಾರಿಗೆ ಏರಿಸುವಾಗ ಅವನು ಹಿಡಿದಿದ್ದ ಎಡ ಹಿಂದಿನ ಮೂಲೆ ವಾಲಿ, ಪಕ್ಕದಲ್ಲಿದ್ದ ಗಣೇಶನ ಸೊಂಡಿಲು ಲಾರಿಯ ಬಾಗಿಲಿಗೆ ತಾಗಿ ಮುರಿದಿತ್ತು. ಅಂದಿನಿಂದ ಇಡೀ ಕಟ್ಟಡಕ್ಕೆ ಅವನು 'ಶುಂಡ್‌ದಾ', ಅಂದರೆ ಸೊಂಡಿಲಣ್ಣ. ಮಗಳು ಅನ್ವಿತಾಳನ್ನು ಶಾಲೆಯ ಬಸ್ಸಿನಲ್ಲಿ ಮಕ್ಕಳು ಮೂಗು ಹಿಡಿದು ಸ್ವಾಗತಿಸುತ್ತಿದ್ದರು.

"ಪಪ್ಪಾ, ಈ ಸಲಾನೂ ನೀನು ಠಾಕೂರ್ ಸರಿಯಾಗಿ ಎತ್ತಲ್ಲಾಂದ್ರೆ ನಾನ್ ಕೆಳಗೆ ಬರೋದೇ ಇಲ್ಲ. ಎವ್ರಿಬಡಿ ಲಾಫ್ಸ್," ಎಂದಿದ್ದಳು ಅವಳು. ಠಾಕೂರ್ ಎಂದರೆ ಅಲ್ಲಿ ದೇವರ ಮೂರ್ತಿ.

ಪೂಜಾ ಸಮಿತಿಯ ಕಾರ್ಯದರ್ಶಿ ರಂಜಿತ್‌ದಾ ಹೊರುವವರ ಪಟ್ಟಿಯಲ್ಲಿ ಹನ್ನೊಂದು ಹೆಸರು ಬರೆದು, ಹನ್ನೆರಡನೆಯ ಸಾಲನ್ನು ಖಾಲಿ ಬಿಟ್ಟಿದ್ದ. ಭಾನುವಾರ ಬೆಳಿಗ್ಗೆ ಹತ್ತರೊಳಗೆ ಮನೀಷ್‌ದಾನ ಎದುರು ಐವತ್ತು ಕಿಲೋ ಹನ್ನೆರಡು ಸಲ ಎತ್ತಿದರೆ ಆ ಸಾಲು ರತ್ನಾಕರನದು.

ಆ ಭಾನುವಾರ ಇದೇ.

ಎಂಟೂವರೆಗೆ ಮೊದಲ ಪ್ರಯತ್ನ. ಪಕ್ಕದ ಸೈಕಲ್ಲಿನ ಮೇಲೆ ಮೂರನೇ ಮಹಡಿಯ ವಸಂತಕ್ಕ ಪೆಡಲು ತುಳಿಯದೆ ಕೂತು, ಉಡುಪಿಯ ತಂಗಿಗೆ ಫೋನಿನಲ್ಲಿ ಸೊಸೆಯ ಸುದ್ದಿ ಹೇಳುತ್ತಿದ್ದರು. ಬೆಂಚಿನ ಮೇಲೆ ನಿವೃತ್ತ ಬ್ಯಾಂಕ್ ಅಧಿಕಾರಿ ರಾಮಕೃಷ್ಣ ರಾಯರು ಪೇಪರು ಓದುತ್ತಿದ್ದರು. ರಾಯರು ಜಿಮ್ಮಿಗೆ ಬರುತ್ತಿದ್ದುದು ಎಸಿಗಾಗಿ. ಅರವತ್ತಮೂರು ವರ್ಷದ ಅವರು ಅಲ್ಲಿ ಪೇಪರಿಗಿಂತ ಭಾರದ್ದೇನನ್ನೂ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ.

ರತ್ನಾಕರ ಎದುರಿನ ಗೋಡೆಯ ಒಂದು ಸ್ಕ್ರೂ ಮೇಲೆ ದೃಷ್ಟಿ ನೆಟ್ಟ. ಜಗತ್ತಿನಲ್ಲಿ ಆ ಸ್ಕ್ರೂ ಮತ್ತು ತಾನು, ಮತ್ತೇನೂ ಇಲ್ಲ ಎಂದುಕೊಂಡ. ಎಗಾರೋ ಮುಗಿಯಿತು.

"ಬಾರೋ!"

ಕುತ್ತಿಗೆ ತಿರುಗಿತು. ಧಡಾರ್! ಮೇಲೆಲ್ಲೋ ಒಲೆ ಹತ್ತಿದ ಸದ್ದಾಯಿತು.

"ಎಂತ ಮಾರಾಯ, ಹನ್ನೊಂದು ಎತ್ತಿದವನಿಗೆ ಇನ್ನೊಂದು ಯಾಕೆ ಬರೂದಿಲ್ಲ?" ರಾಯರು ಪೇಪರಿನ ಮೇಲಿಂದ ಕೇಳಿದರು.

"ಏಕಾಗ್ರತೆ ಇಲ್ಲ," ಎಂದರು ವಸಂತಕ್ಕ, ಫೋನಿಗೆ ಕೈ ಅಡ್ಡ ಹಿಡಿದು. ಮತ್ತೆ ಫೋನಿಗೆ, "ನಿನಗಲ್ಲ ಮಾರಾಯ್ತಿ, ಇಲ್ಲಿ ಒಬ್ಬರಿಗೆ. ಹೌದು, ಅದೇ ಸೊಂಡಿಲಿನವರು."

ಉಡುಪಿಗೂ ತಲುಪಿದೆ ಎಂದಾಯಿತು. ಅಷ್ಟರಲ್ಲಿ ಪಟ್ಟಿ ಹಿಡಿದು ರಂಜಿತ್‌ದಾನೂ ಒಳಗೆ ಇಣುಕಿದ. ರತ್ನಾಕರನಿಗೆ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿತು. ರೋಗದ ಕಾರಣ ಗೊತ್ತಾದರೆ ಅರ್ಧ ಚಿಕಿತ್ಸೆಯಾದಂತೆ ಎಂದು ನಂಬಿದ ವಿಜ್ಞಾನದ ವಿದ್ಯಾರ್ಥಿ ಅವನು. ತನಗೆ ಬರುವ ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿದ: ದೊಡ್ಡಯ್ಯ, ಮಗ್ಗಿ, ಹರಳೆಣ್ಣೆ, ಪ್ರತಿವರ್ತನ ಕ್ರಿಯೆ.

"ನಮ್ಮ ಭಾಷೆಯಲ್ಲಿ 'ಬಾರೋ' ಅಂದ್ರೆ 'ಬಾ ಇಲ್ಲಿ' ಅಂತ ದಾದಾ. ಕಿವಿಗೆ ಬಿದ್ರೆ ಎಲ್ಲಿದ್ರೂ ತಿರುಗ್ಲೇಬೇಕು. ನನ್ನ ಕೈಯಲ್ಲಿಲ್ಲ."

ಆಮೇಲೆ ಮನೀಷ್‌ದಾ ಪ್ಲೇಟುಗಳ ಗೂಡು ಹಿಡಿದುಕೊಂಡು ನಕ್ಕ. ರಂಜಿತ್‌ದಾ ಕಣ್ಣೊರೆಸಿಕೊಂಡ. "ದಾರುಣ್! ಭೇಷ್! ಬಾರೋ, ಬಾರೋ... ಒಂದು ಶಬ್ದ ಕಲಿತ ಹಾಗಾಯ್ತು!" ಎನ್ನುತ್ತ ಹೊರಗೆ ಹೋದ.

ಒಂಬತ್ತೂಕಾಲಿಗೆ ಎರಡನೆಯ ಪ್ರಯತ್ನ. "ಚಿಂತೆ ಬೇಡ ದಾದಾ, ಆ ಅಂಕಿಯನ್ನೇ ಹೇಳೋದಿಲ್ಲ," ಎಂದು ಮನೀಷ್‌ದಾ ಅಭಯ ಕೊಟ್ಟ. ಮಾತಿಗೆ ತಪ್ಪಲೂ ಇಲ್ಲ. ಎಗಾರೋ ಆದ ಮೇಲೆ ತುಟಿ ಬಿಗಿದು, ಕೆನ್ನೆ ಉಬ್ಬಿಸಿ ನಿಂತ. ಜಿಮ್ಮಿನಲ್ಲಿ ನಿಶ್ಶಬ್ದ. ವಸಂತಕ್ಕ ಕೂಡ ಸೊಸೆಯನ್ನು ಅರ್ಧಕ್ಕೆ ಬಿಟ್ಟರು. ರಾಡು ಮೊಣಕಾಲಿಗೆ ಬಂತು. ರತ್ನಾಕರ ಕಾದ. ಈಗ ಬರುತ್ತದೆ... ಇಲ್ಲ, ಬರುವುದಿಲ್ಲ... ಹೇಳಿಬಿಟ್ಟರೆ? ದೊಡ್ಡಯ್ಯ ಕರೆಯುವುದಕ್ಕಿಂತ ಬಾಗಿಲ ಮರೆಯಲ್ಲಿ ಸುಮ್ಮನೆ ನಿಂತಿರುವುದು ಹೆಚ್ಚು ಭಯಂಕರ ಎಂಬುದು ಅವನಿಗೆ ಆಗ ನೆನಪಾಯಿತು. ತಿರುಗಿ ನೋಡಿದ.

ಧಡಾರ್!

"ಹತ್ತಕ್ಕೆ ಲೆಕ್ಕ ಮುಗೀತದೆ. ಇನ್ನೊಂದೇ ಸಲ," ಎಂದರು ರಾಯರು, ಕೇಳದಿದ್ದರೂ.

ರತ್ನಾಕರ ಮೂಲೆಗೆ ಹೋಗಿ ನೀರು ಕುಡಿದ. ಕನ್ನಡಿಯಲ್ಲಿ ಬೆವರಿನ ಬನಿಯನ್ನು ತೊಟ್ಟ ಒಬ್ಬ ನಡುವಯಸ್ಕ ಕಂಡ. ಇವನಿಗಾಗಿ ಮಗಳು ಕೆಳಗಿಳಿದು ಬರುವುದಿಲ್ಲ, ತಾನೂ ಬರುತ್ತಿರಲಿಲ್ಲ. ವಿಚಿತ್ರವೆಂದರೆ, ಆ ನಿರಾಶೆಯ ತಳದಲ್ಲಿ ಗಟ್ಟಿ ನೆಲ ಸಿಕ್ಕಿತು. ಕರೆಯಲಿ. ಎಷ್ಟು ಬೇಕಾದರೂ ಕರೆಯಲಿ. ಇನ್ನು ಆ ಶಬ್ದಕ್ಕೆ ಒಂದೇ ಅರ್ಥ: ಎತ್ತು.

"ಮನೀಷ್‌ದಾ, ಜೋರಾಗಿ ಎಣಿಸಿ," ಎಂದ.

ಹತ್ತಕ್ಕೆ ಹತ್ತು ನಿಮಿಷ. ಸ್ಕ್ರೂ ಮೇಲೆ ದೃಷ್ಟಿ. ಏಕ್, ದುಯಿ, ತೀನ್... ವಸಂತಕ್ಕನ ದನಿ ದೂರವಾಗಿ, ಸೊಸೆ ದೂರದ ದೇಶದವಳಾದಳು. ದಶ್. ಎಗಾರೋ. ಉಸಿರು ಎಳೆದುಕೊಂಡು ಬಾಗಿದ.

"ಬಾರೋ!"

ಎತ್ತಿದ. ಕುತ್ತಿಗೆ ಕಂಬದಂತೆ ನಿಂತಿತ್ತು. ಇಳಿಸಿದ. ಗೆದ್ದೆ ಎನ್ನುವಷ್ಟರಲ್ಲಿ ಮತ್ತೆ, "ಬಾರೋ!"

ಬೆನ್ನು ಬಾಗಿತ್ತೇನೋ, ಮನೀಷ್‌ದಾ ಲೆಕ್ಕಕ್ಕೆ ಹಿಡಿದಿಲ್ಲ ಎಂದುಕೊಂಡು ಇನ್ನೊಮ್ಮೆ ಎತ್ತಿದ. "ಬಾರೋ!" ಮತ್ತೆ ಎತ್ತಿದ. "ಅರೇ ಬಾರೋ!" ತೊಡೆ ನಡುಗಿತು, ಎತ್ತಿದ. ಕರೆಯುವ ದನಿ ಏರುತ್ತ ಹೋಯಿತು, ಇವನ ಮನಸ್ಸು ಕಲ್ಲಾಗುತ್ತ ಹೋಯಿತು. ಏಳನೆಯ ಕರೆಯ ನಂತರ ದನಿ ನಿಂತಿತು. ರತ್ನಾಕರ ರಾಡನ್ನು ಸದ್ದಿಲ್ಲದೆ ನೆಲಕ್ಕಿಟ್ಟು, ಎರಡು ತಿಂಗಳಲ್ಲಿ ಮೊದಲ ಬಾರಿಗೆ ತನ್ನ ಇಚ್ಛೆಯಿಂದಲೇ ತಿರುಗಿದ.

ಹಿಂದೆ ಯಾರೂ ಇರಲಿಲ್ಲ. ಮನೀಷ್‌ದಾ ಬಾಗಿಲ ಬಳಿ ರಂಜಿತ್‌ದಾನ ಜೊತೆ ನಿಂತಿದ್ದ. ಬೆಂಚಿನ ಮೇಲೆ ಪೇಪರಿತ್ತು, ರಾಯರಿರಲಿಲ್ಲ.

"ಎಂಥಾ ಮನುಷ್ಯನಪ್ಪಾ ನೀನು!" ರಂಜಿತ್‌ದಾನ ಮುಖ ಕೆಂಪಾಗಿತ್ತು. "ಎರಡು ತಿಂಗಳು ಒದ್ದಾಡಿದ್ದಾನೆ ಪಾಪ, ಪರೀಕ್ಷೆ ಸಾಕು, ಹೆಸರು ಬರ್ಕೊಳ್ಳೋಣ ಅಂತ ಬಂದೆ. ನಿನ್ನದೇ ಮಾತೃಭಾಷೆಯಲ್ಲಿ ಏಳು ಸಲ ಕರೆದೆ! ಎಲ್ಲಿದ್ರೂ ತಿರುಗ್ತೀನಿ ಅಂದಿದ್ದೆಯಲ್ಲ? ಕೊನೆಗೆ ರಾಯರೇ ಎದ್ದು ಬಂದರು. ಅವರ ಹೆಸರು ಬರೆದಾಯ್ತು. ಪೆನ್ನಿನಲ್ಲಿ."

"ಆದ್ರೆ ನಾನು ಎತ್ತಿದೆ! ಹದಿನೆಂಟು!" ರತ್ನಾಕರ ಮನೀಷ್‌ದಾನ ಕಡೆ ನೋಡಿದ. "ನೀವು ಎಣಿಸಿದ್ರಲ್ಲ?"

"ಎಗಾರೋವರೆಗೆ ಎಣಿಸಿದೆ ದಾದಾ," ಮನೀಷ್‌ದಾ ತಲೆ ಕೆರೆದುಕೊಂಡ. "ಆಮೇಲೆ ಇವರು ಬಂದ್ರು, ನಾನು ಈ ಕಡೆ ತಿರುಗಿದೆ. ನೋಡದೇ ಇದ್ದದ್ದನ್ನ ಹೇಗೆ ಹೇಳ್ಲಿ? ಹನ್ನೊಂದು."

ವಸಂತಕ್ಕ ಸಾಕ್ಷಿ ಹೇಳಬಹುದಿತ್ತು. ಅವರು ಸೊಸೆಯ ಸುದ್ದಿಯ ಮುಖ್ಯ ಘಟ್ಟದಲ್ಲಿದ್ದರು.

"ಬೇಸರ ಬೇಡ," ಎಂದ ರಂಜಿತ್‌ದಾ, ಸಿಟ್ಟಿಳಿದು. "ಮೆರವಣಿಗೆಯ ಮುಂದೆ ಬಿದಿರಿನ ಕೋಲಿನಿಂದ ಕರೆಂಟು ತಂತಿ ಎತ್ತಿ ಹಿಡಿಯೋಕೆ ಒಬ್ಬರು ಬೇಕು. ಅದೂ ಎತ್ತೋ ಕೆಲಸವೇ."

ರತ್ನಾಕರ ಅಂಗಳಕ್ಕೆ ಬಂದ. ಅಲ್ಲಿ ಹನ್ನೆರಡು ಜನ ಸಾಲಾಗಿ ನಿಂತು ಹೆಗಲಿನ ಎತ್ತರ ಅಳೆಸಿಕೊಳ್ಳುತ್ತಿದ್ದರು. ಕೊನೆಯಲ್ಲಿ ರಾಯರು, ಎದೆ ಉಬ್ಬಿಸಿ. "ಎಡ ಹಿಂದಿನ ಮೂಲೆ ಕೊಟ್ಟಿದ್ದಾರೆ ಮಾರಾಯ, ನಿಂದೇ ಜಾಗ," ಎಂದರು.

ಮೆಟ್ಟಿಲ ಬಳಿ ಅನ್ವಿತಾ ಅವನಿಗಾಗಿ ಕಾಯುತ್ತಿದ್ದಳು. ಸುದ್ದಿ ಆಗಲೇ ಅಲ್ಲಿಗೂ ತಲುಪಿತ್ತು. ನಗುತ್ತಿರಲಿಲ್ಲ. ಅಪ್ಪನ ಮುಖ ನೋಡಿ ಕನಿಕರಗೊಂಡು, ತನಗೆ ತಿಳಿದ ಕನ್ನಡದಲ್ಲಿ ಪ್ರೀತಿಯಿಂದ ಕರೆದಳು:

"ಪಪ್ಪಾ, ಬಾರೋ!"

ರತ್ನಾಕರ ಮಗಳ ಕಡೆ ಹೋಗಲಿಲ್ಲ. ದೃಷ್ಟಿ ಗೋಡೆಯ ಮೇಲೆ ನಾಟಿತು, ಮೊಣಕಾಲು ಮಡಿಚಿಕೊಂಡಿತು, ಬೆನ್ನು ಬಾಗಿತು. ಕೈಗಳೆರಡೂ ಇಲ್ಲದ ರಾಡನ್ನು ಹಿಡಿದವು. ಐವತ್ತು ಕಿಲೋ ಹದಿನೆಂಟು ಸಲ ಎತ್ತಿದಾಗ ಏನೂ ಆಗದ ಸೊಂಟ, ಬರಿಗೈಯಲ್ಲಿ ಏಳುವಾಗ ಕಟಕ್ಕೆಂದು ಹಿಡಿದುಕೊಂಡಿತು.

ಅವನು ಬಾಗಿದಂತೆಯೇ ಉಳಿದ.

"ಒಳ್ಳೇದೇ ಆಯ್ತು, ಇವನನ್ನೇ ಮನೆಗೆ ಹೊತ್ತು ತಾಲೀಮು ಮಾಡೋಣ!" ರಂಜಿತ್‌ದಾ ಚಪ್ಪಾಳೆ ತಟ್ಟಿದ. ಹನ್ನೆರಡು ಜನ ಸುತ್ತುವರಿದರು. ರತ್ನಾಕರ ಮುಖ ಕೆಳಗಾಗಿ ನೆಲದಿಂದ ಮೇಲೆದ್ದ. ಮೆಟ್ಟಿಲಿನ ಬಾಗಿಲು ಹತ್ತಿರ ಬರುತ್ತಿದ್ದಂತೆ ಯಾರೋ ಕೂಗಿದರು, "ಸೊಂಡಿಲು ಜೋಪಾನ!"

ಎಡ ಹಿಂದಿನ ಮೂಲೆ ವಾಲಿತು. ರತ್ನಾಕರನ ಮೂಗು ಬಾಗಿಲ ಚೌಕಟ್ಟಿಗೆ ಹೋಗಿ ತಾಗಿತು.