ಕಲ್ಲಿನಾಥನ ಬಿಸಿ ರೊಟ್ಟಿ

ಎಲ್ಲ ಕೆಟ್ಟದ್ದು ಒಂದು ಬಿಸಿ ರೊಟ್ಟಿಯಿಂದ.

ಕಲ್ಲಿನಾಥ ಅಫಜಲಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಇಲಾಖೆ ಎಂದು ಹೇಳುವುದು ಬೇಡ. ಹೇಳಿದರೆ ಆ ಇಲಾಖೆಯವರಿಗೆ ಸಿಟ್ಟು, ಹೇಳದಿದ್ದರೆ ಎಲ್ಲ ಇಲಾಖೆಯವರಿಗೂ ಅನುಮಾನ. ನನಗೆ ಅನುಮಾನವೇ ವಾಸಿ. ಜೇವರ್ಗಿಯಲ್ಲಿ, ಆಳಂದದಲ್ಲಿ ವರ್ಷಗಟ್ಟಲೆ ಡಬ್ಬಿಯೊಳಗೆ ಬೆವೆತ ರೊಟ್ಟಿ ತಿಂದು, ಯಾರ ಯಾರ ಕಾಲೋ ಹಿಡಿದು, ಕಳೆದ ವರ್ಷವಷ್ಟೇ ಸ್ವಂತ ಊರಿಗೆ ವರ್ಗ ಮಾಡಿಸಿಕೊಂಡು ಬಂದಿದ್ದ. ಮನೆ ಕಚೇರಿಯ ಹಿಂದಿನ ಓಣಿಯಲ್ಲೇ. ಮಧ್ಯಾಹ್ನ ಆತ ಹೊಸ್ತಿಲು ದಾಟುವುದಕ್ಕೂ ಹೆಂಡತಿ ಬಸವೇಶ್ವರಿ ರೊಟ್ಟಿಯನ್ನು ಹಂಚಿನಿಂದ ಇಳಿಸುವುದಕ್ಕೂ ಸರಿಹೋಗಬೇಕು. ಬದುಕಿನಲ್ಲಿ ಆತನಿಗೆ ಇದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ಅಂಥ ಒಂದು ಮಧ್ಯಾಹ್ನ ಕಚೇರಿಯಲ್ಲಿ ಮೀಟಿಂಗು ನಡೆದಿತ್ತು. ಪೇಟೆಯ ನಡುವೆ ನಿಜಾಮರ ಕಾಲದಿಂದ ನಿಂತಿದ್ದ ಹಳೆಯ ಕಚೇರಿಗಳನ್ನೆಲ್ಲ ಕೆಡವಿ, ಅದೇ ಜಾಗದಲ್ಲಿ ಎಲ್ಲ ಇಲಾಖೆಗಳಿಗೂ ಸೇರಿ ಒಂದೇ ದೊಡ್ಡ ಕಟ್ಟಡ ಎಬ್ಬಿಸುವ ಯೋಜನೆ ಬಂದಿತ್ತು. ಅದು ಏಳುವ ತನಕ ಅವರವರ ನೆರಳು ಅವರವರೇ ಹುಡುಕಿಕೊಳ್ಳಬೇಕು.

"ಜಾಗಾ ಯಾರ್ ನೋಡ್ತೀರಿ?" ಎಂದು ಸಾಹೇಬರು ಕೇಳಿದರು. ಎಲ್ಲರೂ ತಲೆಯೆತ್ತಿ ಮಾಳಿಗೆ ನೋಡತೊಡಗಿದರು. ಗಡಿಯಾರದ ಮುಳ್ಳು ಊಟದ ಹೊತ್ತು ದಾಟುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿರುವುದು ಕಲ್ಲಿನಾಥನ ಕಣ್ಣಿಗೆ ಕಟ್ಟಿತು.

"ನಾ ನೋಡ್ಕೋತೇನ್ರಿ ಸರ್" ಎಂದುಬಿಟ್ಟ.

ಮೀಟಿಂಗು ಅಲ್ಲಿಗೇ ಮುಗಿಯಿತು. ಆತ ಎದ್ದು ಹೊರಟಾಗ ಸಾಹೇಬರು ಹಿಂದಿನಿಂದ ಕೂಗಿ ಹೇಳಿದರು: "ಸೋಮವಾರ ಕಲಬುರಗಿಯಿಂದ ದೊಡ್ಡ ಸಾಹೇಬ್ರು ನೋಡಾಕ ಬರ್ತಾರ. ಏನರೆ ಹೆಚ್ಚುಕಡಿಮಿ ಆದ್ರ ನಿನ್ನ ಆಳಂದಕ್ಕ ಹಾಕಸ್ತೇನಿ. ಅಲ್ಲಿ ಮಂದಿ ಕಡಿಮಿ ಅದಾರ."

ಜಾಗ ಸುಲಭವಾಗಿಯೇ ಸಿಕ್ಕಿತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಲ್ಯಾಣ ಮಂಟಪ. ಅದನ್ನು ನೋಡಿಕೊಳ್ಳುವ ದೇವೀಂದ್ರಪ್ಪ ಕೀಲಿಕೈ ಕೊಡುತ್ತ, "ಖುಷಾಲ್ ಕೂಡ್ರಿ. ಆಷಾಢ ಸುರು ಆಗ್ಯದ, ಯಾರ್ ಮದಿವಿ ಮಾಡ್ಕೋತಾರ?" ಎಂದ. ಮಂಟಪದಿಂದಲೂ ಮನೆಗೆ ನಾಲ್ಕು ಹೆಜ್ಜೆಯೇ. ಕಲ್ಲಿನಾಥ ಅಂದು ಒಂದು ರೊಟ್ಟಿ ಹೆಚ್ಚಿಗೆ ತಿಂದ.

ಸೋಮವಾರ ಬೆಳಿಗ್ಗೆ ಟೇಬಲ್ಲು, ಕಪಾಟು, ಕಡತದ ಗಂಟುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರೆ ಮಂಟಪದ ಮುಂದೆ ಇನ್ನೊಂದು ಟ್ರ್ಯಾಕ್ಟರು ನಿಂತಿತ್ತು. ಅದರಿಂದ ಡಬರಿ, ಸೌಟು, ಗೋಧಿ ಚೀಲ ಇಳಿಯುತ್ತಿದ್ದವು. ಬಾಗಿಲಿಗೆ ಬಾಳೆಕಂಬ ಕಟ್ಟಿದ್ದರು. ಹಣೆತುಂಬ ವಿಭೂತಿ ಹಚ್ಚಿದ ಹಿರಿಯರೊಬ್ಬರು ಕೈಮುಗಿದು ಎದುರು ಬಂದರು.

"ಬರ್ರಿ, ಬರ್ರಿ, ಶರಣು. ನಾ ಅತನೂರ ನಾಗಣ್ಣರಿ, ಹೆಣ್ಣಿನ ತಂದಿ. ಚಾ ಕುಡೀರಿ ಮೊದ್ಲ."

"ಆಷಾಢದಾಗ ಮದಿವ್ಯೇನ್ರಿ ಯಜಮಾನ್ರ?" ಕಲ್ಲಿನಾಥ ಬಾಳೆಕಂಬ ನೋಡುತ್ತ ಕೇಳಿದ.

"ನಮ್ಮದು ಬಸವಣ್ಣೋರ ದಾರಿರಿ. ನಮಗ ಎಲ್ಲಾ ದಿನಾನೂ ಚಲೋ ದಿನಾನೇ. ಗುರುಗಳು ವಚನ ಓದ್ತಾರ, ಹುಡುಗ ಹುಡುಗಿ ವಿಭೂತಿ ಹಚ್ಕೋತಾರ, ಮದಿವಿ ಆಯ್ತು. ದೇವೀಂದ್ರಪ್ಪನೋರು ಆಗ್ಲೇ ಮಾತು ಕೊಟ್ಟಾರಲ್ರಿ?"

ದೇವೀಂದ್ರಪ್ಪ ಕಂಬದ ಮರೆಯಲ್ಲಿ ಸಿಕ್ಕಿದ. "ಆಷಾಢದಾಗ ಹಾಲ್ ಬೇಕು ಅಂದ್ರು ಅವ್ರು. ಚೇಷ್ಟಿ ಮಾಡಾಕತ್ತಾರ ಅಂದ್ಕೊಂಡು ನಾನೂ ಚೇಷ್ಟಿಗಿ 'ಬರ್ರಿ, ಹಾಲ್ ನಿಮ್ದೇ' ಅಂದಿದ್ದೆ. ಹಿಂಗ ಖರೇನೇ ಬರ್ತಾರ ಅಂತ ಯಾರಿಗಿ ಗೊತ್ರಿ?"

ಹಿಂದಿರುಗಿ ಹೋಗೋಣವೆಂದರೆ ಹಳೆಯ ಕಚೇರಿಯ ಗೋಡೆಗೆ ಜೆಸಿಬಿ ಆಗಲೇ ಬಾಯಿ ಹಾಕಿತ್ತು. ಕಲ್ಲಿನಾಥ ಒಂದು ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟ. ಕೊನೆಗೆ ಹಿರಿಯ ಗುಮಾಸ್ತೆ ವಜೀರುನ್ನಿಸಾ ತೀರ್ಮಾನ ಕೊಟ್ಟರು.

"ಮದಿವಿ ಸ್ಟೇಜ್ ಮ್ಯಾಲ ಆಗ್ಲಿ. ಊಟದ ಹಾಲಿನಾಗ ಉದ್ದನ್ನ ಟೇಬಲ್ ಅವ, ನಾವು ಅಲ್ಲಿ ಕೂಡೂಣು. ಅವರ ಶುಭಕಾರ್ಯ ನಿಲ್ಲಬಾರ್ದು, ನಮ್ಮ ಕೆಲಸಾನೂ ನಿಲ್ಲಬಾರ್ದು. ಕುರ್ಚಿ ಕೆಳಗ ಇಳಸ್ರಿ ಕಲ್ಲಿನಾಥ."

ಸ್ವಲ್ಪ ಹೊತ್ತು ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಬೀಗರು ಬರತೊಡಗಿದರು.

ಹೆಣ್ಣಿನ ಕಡೆಯವರು ಕಚೇರಿಯವರನ್ನು ಗಂಡಿನ ಕಡೆಯವರೆಂದು ತಿಳಿದರು. ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದು ತಿಳಿದರು. 'ನೀವು ಯಾರು' ಎಂದು ಯಾರೂ ಕೇಳಲಿಲ್ಲ. ಬೀಗರನ್ನು ಹಾಗೆ ಕೇಳಿದರೆ ಮದುವೆ ಮನೆಯಲ್ಲಿ ಜಗಳವೇ ಆಗುತ್ತದೆ. ಅರ್ಜಿ ಹಿಡಿದು ಉದ್ದ ಟೇಬಲ್ಲಿಗೆ ಸಾಲಾಗಿ ಕುಳಿತಿದ್ದ ಹಳ್ಳಿಯವರ ಮುಂದೆ ಬಡಿಸುವವರು ತಾಟು ಇಟ್ಟು ಹುಗ್ಗಿ ಸುರಿದರು. ಒಂದು ಸಹಿಗಾಗಿ ಬಹಳ ದಿನದಿಂದ ತಿರುಗುತ್ತಿದ್ದ ಸೊನ್ನ ಊರಿನ ಮುದುಕನೊಬ್ಬ ಹುಗ್ಗಿಯ ಮೇಲೆ ತುಪ್ಪ ಬಿದ್ದಾಗ ಗಾಬರಿಯಾದ.

"ಯಾವಾಗ್ಲೂ ನಾಳಿ ಬಾ ಅಂತಿದ್ರು. ಇವತ್ತ ಹುಗ್ಗಿ ಹಾಕಾಕತ್ತಾರ. ಸರಕಾರ ಏನರೆ ಬದಲಿ ಆಯ್ತೇನ್ರಿ?"

ಅತ್ತ ವಜೀರುನ್ನಿಸಾ ಅವರ ಟೇಬಲ್ಲಿನ ಮುಂದೆ ಇನ್ನೊಂದು ಸಾಲು ಬೆಳೆದಿತ್ತು. ಪೆನ್ನು ಹಿಡಿದು ಕುಳಿತ ಹೆಂಗಸು ಆಯೇರಿಯ ಉಡುಗೊರೆ ಬರೆದುಕೊಳ್ಳುತ್ತಿದ್ದಾಳೆಂದು ತಿಳಿದು ಬಂದವರೆಲ್ಲ ಕೊಡ, ತಂಬಿಗೆ, ಗೋಡೆ ಗಡಿಯಾರಗಳನ್ನು ತಂದು ಕಡತಗಳ ಮೇಲೆ ಇಡುತ್ತಿದ್ದರು. ವಜೀರುನ್ನಿಸಾ ಕೈಯ ರೂಢಿಯಿಂದ ಪ್ರತಿಯೊಂದಕ್ಕೂ 'ಸ್ವೀಕರಿಸಲಾಗಿದೆ' ಎಂದು ಸೀಲು ಒತ್ತುತ್ತಿದ್ದರು.

ಊಟದ ಹೊತ್ತಾಯಿತು. ಕಲ್ಲಿನಾಥ ಮೆಲ್ಲಗೆ ಮನೆಗೆ ಜಾರಲು ನೋಡಿದ. ಸಾಹೇಬರು ಅಂಗಿಯ ತೋಳು ಹಿಡಿದರು. "ಎಲ್ಲಿ ಹೊಂಟಿ? ಗಾಡಿ ಬಂತು ನೋಡು."

ದೊಡ್ಡ ಸಾಹೇಬರು ಇಳಿದರು. ಮೈಸೂರಿನ ಕಡೆಯವರು, ಈ ಭಾಗಕ್ಕೆ ಹೊಸಬರು. ಅವರು ಬಾಯಿ ತೆರೆಯುವ ಮೊದಲೇ ನಾಗಣ್ಣ ರುಮಾಲು ಸುತ್ತಿ, ಶಾಲು ಹೊದಿಸಿ, ಕೈಹಿಡಿದು ತಾಟಿನ ಮುಂದೆ ಕೂಡಿಸಿದರು. ರೊಟ್ಟಿ ಬಂತು. ದೊಡ್ಡ ಸಾಹೇಬರು ಒಂದು ತುತ್ತು ತಿಂದು ತಾಟು ಹತ್ತಿರ ಎಳೆದುಕೊಂಡರು. ಆಮೇಲೆ ತಲೆಯೆತ್ತದೆ ತಿನ್ನತೊಡಗಿದರು.

ಹಿಂದೆ ನಿಂತಿದ್ದ ಕಲ್ಲಿನಾಥನ ಹಸಿದ ಮೂಗಿಗೆ ಆ ರೊಟ್ಟಿಯ ಗುರುತು ಹತ್ತಿತು. ಅಡುಗೆಮನೆಗೆ ಓಡಿ ಇಣುಕಿದರೆ ಒಲೆಯ ಮುಂದೆ ಬಸವೇಶ್ವರಿ! ಸುತ್ತ ಹೆಂಗಸರು, ನಗು, ಗದ್ದಲ.

"ನೀ ಇಲ್ಯಾಕ?"

"ನೀವು ಉಣ್ಣಾಕ ಬರ್ಲಿಲ್ಲ, ನೋಡಾಕ ಬಂದೆ. ಇಲ್ಲಿ ರೊಟ್ಟಿ ಬಡಿಯೋರು ಕಡಿಮಿ ಬಿದ್ದಿದ್ರು, ಕುಂತೆ" ಎಂದು ಹೇಳಿ ಆಕೆ ಮತ್ತೆ ಪಕ್ಕದವಳ ಕಡೆ ತಿರುಗಿ ನಕ್ಕಳು. ಈ ಹೊತ್ತಿನಲ್ಲಿ ಹೆಂಡತಿ ನಗುವುದನ್ನು ಆತ ನೋಡಿರಲಿಲ್ಲ. ಅದನ್ನು ಗಮನಿಸುವಷ್ಟು ವ್ಯವಧಾನವೂ ಆಗ ಆತನಿಗಿರಲಿಲ್ಲ.

ದೊಡ್ಡ ಸಾಹೇಬರು ಕೈತೊಳೆದು ಎಲ್ಲ ಕಡೆ ಓಡಾಡಿದರು. ಎಲ್ಲವೂ ಅವರಿಗೆ ತಿಳಿದುಹೋಯಿತು. ಕಲ್ಲಿನಾಥ ಕಣ್ಣುಮುಚ್ಚಿ ನಿಂತ. "ಇಷ್ಟು ದೊಡ್ಡ ಮದುವೆಯ ನಡುವೆಯೂ ಒಂದು ಅರ್ಜಿ ವಾಪಸ್ ಹೋಗಿಲ್ಲ, ಒಬ್ಬರೂ ಉಪವಾಸ ಇಲ್ಲ. ಈ ವ್ಯವಸ್ಥೆ ಮಾಡಿದವರು ಯಾರು?" ಎಂದು ಅವರು ಕೇಳಿದರು.

ಆಳಂದದ ಭೂತ ಹೆಗಲಿನಿಂದ ಇಳಿದಂತಾಗಿ ಕಲ್ಲಿನಾಥ ಮುಂದೆ ಬಂದ. ದೊಡ್ಡ ಸಾಹೇಬರು ಬೆನ್ನು ತಟ್ಟಿದರು. "ನಿಮ್ಮಂಥವರೇ ಬೇಕು. ಆಳಂದದಲ್ಲೂ ಹಳೆಯ ಕಚೇರಿ ಕೆಡವುತ್ತಿದ್ದಾರೆ. ನಾಳೆಯೇ ಹೊರಡಿ. ಅದು ಮುಗಿದರೆ ಜೇವರ್ಗಿ."

ಕಲ್ಲಿನಾಥನಿಗೆ ಅಳುವೇ ಬಂತು. "ಸರ್, ಹೆಂಡ್ತಿ ಒಬ್ಬಾಕಿನೇ ಇರ್ತಾಳ್ರಿ. ನಾ ಇಲ್ಲಂದ್ರ ಆಕಿ ಊಟಾನೂ ಮಾಡಂಗಿಲ್ರಿ."

ದೊಡ್ಡ ಸಾಹೇಬರ ಮನಸ್ಸು ಕರಗಿತು. "ಹೌದಾ? ಅವರನ್ನೇ ಕೇಳೋಣ. ಅವರು ಬೇಡ ಅಂದರೆ ಬೇರೆಯವರನ್ನು ಕಳಿಸುತ್ತೇನೆ."

ಆಕೆ ಅಡುಗೆಮನೆಯಲ್ಲೇ ಇದ್ದಾಳೆಂದು ಯಾರೋ ಹೇಳಿ ಕರೆದರು; ಬಸವೇಶ್ವರಿ ಹಿಟ್ಟಿನ ಕೈಯಲ್ಲೇ ಸೆರಗು ಹೊದ್ದು ಬಂದಳು. ಕಲ್ಲಿನಾಥ ಕಣ್ಣಿನಲ್ಲೇ ಎಷ್ಟು ಸನ್ನೆ ಮಾಡಲು ಸಾಧ್ಯವೋ ಅಷ್ಟೂ ಮಾಡಿದ.

"ಕಳಸ್ರಿ ಸಾಹೇಬ್ರ" ಎಂದಳು ಆಕೆ. "ಇವರು ಊರಿಗಿ ಬಂದಾಗಿಂದ ಮಧ್ಯಾನ ಆಯ್ತಂದ್ರ ನಾ ಒಲಿ ಬಿಟ್ಟು ಎದ್ದಿಲ್ರಿ. ಒಂದು ಮದಿವಿ ಇಲ್ಲ, ಒಂದು ಬಸರಿ ಕುಬಸ ಇಲ್ಲ. ಇವತ್ತ ಮೊದ್ಲನೇ ಸಲ ನಾಕ್ ಮಂದ್ಯಾಗ ಕುಂತೇನಿ. ಹೊಸಾ ಕಟ್ಟಡದ ಕೂಲಿ ಮಂದಿಗಿ ರೊಟ್ಟಿ ಬಡದು ಕೊಡಾಕ ಈ ಅಕ್ಕಗೋಳು ಕರಿಯಾಕತ್ತಾರ. ನಾಳಿಂದ ಬರ್ತೇನಿ ಅಂದೇನಿ."

"ಮತ್ತ ನನಗ?" ಕಲ್ಲಿನಾಥ ಸಾಹೇಬರ ಎದುರಿಗೇ ಕೇಳಿಬಿಟ್ಟ.

"ಕಡಕ್ ರೊಟ್ಟಿ ಕಟ್ಟಿ ಕೊಡ್ತೇನಿ. ತಿಂಗಳಾದ್ರೂ ಕೆಡಂಗಿಲ್ಲ."

ದೊಡ್ಡ ಸಾಹೇಬರ ಗಾಡಿ ಹೋಯಿತು. ಹಸಿವು ತಾಳಲಾರದೆ ಕಲ್ಲಿನಾಥ ಕೊನೆಯ ಪಂಕ್ತಿಯಲ್ಲಿ ಕುಳಿತ. ರೊಟ್ಟಿ ಮುಗಿದಿತ್ತು. ಉಳಿದದ್ದೊಂದು ಸೊನ್ನದ ಮುದುಕನ ತಾಟಿನಲ್ಲಿತ್ತು. ಅನ್ನದ ಬುಟ್ಟಿ ಹಿಡಿದು ಬಂದ ಬಡಿಸುವವನಿಗೆ ಮದುವೆ ಮನೆಯ ರೀತಿ ಗೊತ್ತಿರಲಿಲ್ಲವೋ ಏನೋ, ಇಡೀ ದಿನ ಯಾರೂ ಕೇಳದ್ದನ್ನು ಆತ ಕೇಳಿದ.

"ನೀವು ಗಂಡಿನ ಕಡಿಯವ್ರೇನ್ರಿ, ಹೆಣ್ಣಿನ ಕಡಿಯವ್ರೇನ್ರಿ?"

"ನನ್ನ ಕಡಿ ಯಾರೂ ಇಲ್ಲಪಾ" ಎಂದ ಕಲ್ಲಿನಾಥ. "ಅನ್ನ ಹಾಕು."